ಇಪ್ಪತ್ತನಾಲ್ಕು ಕ್ಲಿಕ್

ಮೇ 9, ಮಂಗಳವಾರ. ಬೆಳಿಗ್ಗೆ 5.40

ಚಳಿಗಾಲ ಶುರುವಾಯಿತು, ಕಾರಿನ ಗಾಜಿನ ಮೇಲೆ ಹಿಮ. ಕೆರೆದೆ. ಟೈರು ನಾಲ್ಕೂ ನೋಡಿದೆ. ರೆಮುಟಾಕ ಗುಡ್ಡದ ದಾರಿ ತೆರೆದಿದೆ, ಮೇಲೆ ಗಾಳಿ ಜೋರು ಎಂದು ಫೋನಿನಲ್ಲಿ ಬಂದಿದೆ. ಅಲ್ಲಿ ಗಾಳಿ ಜೋರಿಲ್ಲದ ದಿನ ಯಾವುದು. ಆರೂಕಾಲಿಗೆ ಕಾರ್ಟರ್ಟನ್ ಬಿಟ್ಟರೆ ಏಳೂಕಾಲಿಗೆ ಅಪ್ಪರ್ ಹಟ್, ಏಳೂವರೆಗೆ ಟೈಲ್ಸ್ ಅಂಗಡಿಯ ಬಾಗಿಲು. ಹನ್ನೊಂದು ವರ್ಷದಿಂದ ಹೀಗೇ.

ನಿನ್ನೆಯದನ್ನು ಈಗಲೇ ಬರೆದುಬಿಡಬೇಕು. ಇಲ್ಲದಿದ್ದರೆ ಬಾತ್‌ರೂಮಿಗೆ ಟೈಲ್ಸ್ ಕೇಳಲು ಬಂದ ಯಾರದೋ ಮೇಲೆ ಹರಿಹಾಯುತ್ತೇನೆ.

ಅಪ್ಪನನ್ನು ವೆಲ್ಲಿಂಗ್ಟನ್ನಿನ ಆಸ್ಪತ್ರೆಗೆ ಕರೆದೊಯ್ದೆ. ಸ್ಕ್ಯಾನ್. ಕ್ಯಾನ್ಸರ್ ಬೆನ್ನುಮೂಳೆಗೆ, ಸೊಂಟಕ್ಕೆ ಇಳಿದಿದೆ. ಹತ್ತು ದಿನ ರೇಡಿಯೇಷನ್. ಗುಣವಾಗಲಿಕ್ಕಲ್ಲ, ನೋವು ತಗ್ಗಲಿಕ್ಕೆ. ಡಾಕ್ಟರ್ ಅದನ್ನು ಎರಡು ಸಲ ಹೇಳಿದರು. ಅಪ್ಪ ಎರಡು ಸಲವೂ ಕಿಟಕಿ ಕಡೆ ನೋಡಿದ.

ಹೋಗುವಾಗಲೇ ಶುರು. ಫೆದರ್‌ಸ್ಟನ್ನಿನ ರೈಲುಹಳಿ ದಾಟಿದಾಗ ಕಾರು ಧಡ್ ಅಂದಿತು. ಅಪ್ಪ ಹಲ್ಲು ಕಚ್ಚಿದ.

"ಯಾವ ಕುರುಡ ಈ ಕಾರಿನ ಸ್ಪ್ರಿಂಗ್ ಸೆಟ್ ಮಾಡಿದ್ದು?"

"ನಾನೇ."

"ಹಾಗಾದ್ರೆ ಸರಿ."

ಹಾಗಾದರೆ ಸರಿ. ಐವತ್ತು ವರ್ಷ ಗ್ಯಾರೇಜು ನಡೆಸಿದ ಮರ್ವಿನ್ ಹ್ಯಾಲೆಟ್‌ನ ತೀರ್ಪು. ಎರಡೇ ಪದದಲ್ಲಿ ಮಗಳ ಕಥೆ ಮುಗಿಯಿತು.

ಹೊತ್ತಾಯಿತು.

ಮೇ 10, ಬುಧವಾರ. ಮಧ್ಯಾಹ್ನ, ಅಂಗಡಿಯ ಹಿಂದೆ

ಇನ್ನೂ ಸಿಟ್ಟು ಇಳಿದಿಲ್ಲ.

ನನ್ನ ಕಾರು ಹಳೇ ಜಪಾನಿ ವ್ಯಾಗನ್. ಐದು ವರ್ಷದ ಹಿಂದೆ ಮೂಲ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಕಿತ್ತು ಎತ್ತರ ಹೊಂದಿಸಬಹುದಾದ ಸೆಟ್ ಹಾಕಿದ್ದು ನಾನೇ. ಕೆಳಕ್ಕೆ ಇಳಿಸಿದ್ದು ನಾನೇ. ಮುಂದೆ ಎಂಟು ಕೆಜಿ ಸ್ಪ್ರಿಂಗ್ — ಒಂದು ಮಿಲಿಮೀಟರ್ ಒತ್ತಲು ಎಂಟು ಕೆಜಿ ಭಾರ ಬೇಕು. ತಿರುವಿನಲ್ಲಿ ಕಾರು ವಾಲುವುದಿಲ್ಲ. ಮಾತು ಕೇಳುತ್ತದೆ. ದಿನಕ್ಕೆ ಎರಡು ಸಲ ಆ ಗುಡ್ಡ ಹತ್ತಿಳಿಯುವ ಅರ್ಧರ್ಧ ಗಂಟೆ ಮಾತ್ರ ನನಗೆ ನಾನು ಕೈಲಾಗುವವಳು ಅನ್ನಿಸುತ್ತದೆ. ಉಳಿದ ಹೊತ್ತೆಲ್ಲ ಟೈಲ್ಸ್.

ಆದರೆ ಮೊನ್ನೆಯಿಂದ ಕಿವಿಯಲ್ಲಿ ಅಪ್ಪನ ನರಳಾಟ. ಅವನು ನರಳುವವನಲ್ಲ. ಕೈಬೆರಳು ಎಂಜಿನ್ನಿನ ಫ್ಯಾನಿಗೆ ಸಿಕ್ಕಿ ತುದಿ ಹೋದಾಗಲೂ ಚಿಂದಿ ಸುತ್ತಿಕೊಂಡು ಕೆಲಸ ಮುಗಿಸಿದವನು.

ಪರ್ತ್‌ನಲ್ಲಿರುವ ತಮ್ಮ ಕ್ರೇಗ್‌ಗೆ ಫೋನ್ ಮಾಡಿದೆ.

"ರೋಗಿಗಳಿಗೆ ಅಂತಾನೇ ವ್ಯಾನ್ ಇದ್ಯಲ್ಲ, ಅದ್ರಲ್ಲಿ ಕಳ್ಸು."

"ಗೊತ್ತಿಲ್ಲದವರ ಜೊತೆ ಕೂರಲ್ಲ ಅಂತಾನೆ."

"ಆಸ್ಪತ್ರೆ ಹತ್ರ ಉಳ್ಕೊಳ್ಳೋಕೆ ರೂಮ್ ಕೊಡ್ತಾರಂತೆ."

"ಗೊತ್ತಿಲ್ಲದವರ ಜೊತೆ ಮಲಗಲ್ಲವಂತೆ."

"ಮತ್ತೆ ನಾನೇನ್ ಮಾಡ್ಲಿ, ಜನೀನ್?"

ಏನೂ ಮಾಡಬೇಡ ಕಣಪ್ಪ. ಯಾವಾಗಲೂ ಮಾಡಿದ ಹಾಗೆ.

ಮೇ 13, ಶನಿವಾರ

ಅಪ್ಪರ್ ಹಟ್‌ನಲ್ಲಿ ಪಿರಿಪಿಯ ಅಂಗಡಿಗೆ ಹೋಗಿದ್ದೆ. ಕಾರಿನ ಸಸ್ಪೆನ್ಷನ್, ಅಂದರೆ ಶಾಕ್ ಸ್ಪ್ರಿಂಗ್ ಕೆಲಸ ಒಂದನ್ನೇ ಮಾಡುವವರು. ಚಿಕ್ಕಂದಿನಲ್ಲಿ ಅಪ್ಪನ ಕೈಕೆಳಗೆ ಪಳಗಿದವರು, ಈಗ ಅವರಿಗೇ ಅರವತ್ತು. ಅಪ್ಪನನ್ನು ಇವತ್ತಿಗೂ 'ಯಜಮಾನ್ರು' ಅನ್ನುತ್ತಾರೆ. ಅದು ಗೌರವವೋ ತಮಾಷೆಯೋ ನನಗೆ ಎಂದೂ ಗೊತ್ತಾಗಿಲ್ಲ.

"ಇಲ್ಲಿಗೆ ಬರೋರೆಲ್ಲ ಇಳಿಸಿ, ಗಟ್ಟಿ ಮಾಡಿ ಅಂತಾರೆ," ಅಂದರು. "ಎತ್ತರಿಸಿ, ಮೆತ್ತಗೆ ಮಾಡಿ ಅಂತ ಬಂದವಳು ನೀನೊಬ್ಳೇ."

"ಕಂಪನಿಯ ಮೂಲ ಶಾಕನ್ನೇ ತಂದು ಹಾಕಿಬಿಡ್ಲಾ?"

"ಹಾಕ್ಬೋದು. ಯಜಮಾನ್ರು ಆರಾಮಾಗಿ ಕೂತ್ಕೋತಾರೆ. ನೀನು ಸೋಮವಾರದಿಂದ ಶುಕ್ರವಾರ ಆ ಗುಡ್ಡದಲ್ಲಿ ದೋಣಿ ಓಡಿಸ್ತೀಯ."

ಮೂರು ಸೆಟ್ ತೋರಿಸಿದರು. ಒಂದು ಅಗ್ಗದ್ದು. ಎತ್ತರ ಬದಲಾಗುತ್ತದೆ, ಬಿಗಿ ಬದಲಾಗುವುದಿಲ್ಲ. ಇನ್ನೊಂದು ರೇಸಿನವರದ್ದು, ಅದರ ಹೊಳಪು ನೋಡಿ ನನಗೂ ಬಾಯಲ್ಲಿ ನೀರೂರಿತು, ಸುಳ್ಳು ಹೇಳುವುದಿಲ್ಲ. ಆದರೆ ಅದು ದಿನಬಳಕೆಗಲ್ಲ. ವರ್ಷ ವರ್ಷ ಬಿಚ್ಚಿ ಸರ್ವಿಸ್ ಮಾಡಿಸಬೇಕು, ಚಳಿಗಾಲದ ಕೆಸರಿಗೆ ಅದರ ಸೀಲು ತಾಳುವುದಿಲ್ಲ. ಮೂರನೆಯದು ನೋಡಲು ಸಪ್ಪೆ. ಮುಂದೆ ನಾಲ್ಕು ಕೆಜಿ, ಹಿಂದೆ ಮೂರು. ರಬ್ಬರ್ ಹೊದಿಕೆ. ತಲೆಯ ಮೇಲೆ ಒಂದು ಗುಂಡಿ, ಬೆರಳಲ್ಲೇ ತಿರುಗಿಸಬಹುದು. ಸೊನ್ನೆಯಿಂದ ಇಪ್ಪತ್ತನಾಲ್ಕು ಕ್ಲಿಕ್. ಸೊನ್ನೆ ಮೆತ್ತಗೆ, ಇಪ್ಪತ್ತನಾಲ್ಕು ಕಲ್ಲು. ಅಪ್ಪ ಕೂತ ದಿನ ಒಂದು ಸೆಟ್ಟಿಂಗು, ನಾನೊಬ್ಬಳೇ ಇದ್ದಾಗ ಇನ್ನೊಂದು.

ಮೂರೂ ಸೆಟ್ಟಿನ ವಿವರದ ಕಾಗದಗಳನ್ನು ಮನೆಗೆ ತಂದಿದ್ದೇನೆ. ನಾಳೆ ಅವನಿಗೆ ತೋರಿಸುತ್ತೇನೆ. ಯಾಕೆ ತೋರಿಸುತ್ತಿದ್ದೇನೆ? ಕಾರು ನನ್ನದು.

ಮೇ 14, ಭಾನುವಾರ

ತೋರಿಸಬಾರದಿತ್ತು.

ಭೂತಗನ್ನಡಿ ಹಿಡಿದು ಒಂದು ಗಂಟೆ ಓದಿದ. ಚಹಾ ಆರಿತು. ಆಮೇಲೆ ನನ್ನ ಮುಖ ನೋಡದೆ ಕೇಳಿದ:

"ಈಗಿರೋದು ಯಾಕೆ ಹೊಡಿಯತ್ತೆ ಗೊತ್ತಾ?"

"ಸ್ಪ್ರಿಂಗ್ ಗಟ್ಟಿ."

"ಅರ್ಧ ಉತ್ತರ. ಅಷ್ಟು ಕೆಳಗೆ ಇಳ್ಸಿದ್ಮೇಲೆ ಶಾಕ್‌ಗೆ ಓಡಾಡೋಕೆ ಜಾಗ ಎಲ್ಲಿದೆ? ಎರಡು ಬೆರಳು. ಪ್ರತಿ ಹಳ್ಳಕ್ಕೂ ಹೋಗಿ ಕೊನೇ ರಬ್ಬರ್‌ಗೆ ಬಡಿಯತ್ತೆ. ನನ್ನ ಬೆನ್ನು ಸ್ಪ್ರಿಂಗ್ ಮೇಲಿಲ್ಲ, ಆ ರಬ್ಬರ್ ಮೇಲಿದೆ. ಐದು ವರ್ಷದಿಂದ ಓಡಿಸ್ತಿದ್ದೀಯ, ಕಿವಿಗೆ ಬೀಳ್ಲಿಲ್ವಾ?"

ಬಿದ್ದಿತ್ತು. ಅದು ಗಟ್ಟಿತನದ ಸದ್ದು ಅಂದುಕೊಂಡಿದ್ದೆ. ಅವನು ಹೇಳಿದ್ದು ಸರಿ. ಅದಕ್ಕೇ ಇನ್ನಷ್ಟು ಉರಿಯಿತು.

"ಮತ್ತೆ ಯಾವುದು ತಗೊಳ್ಲಿ?"

"ಮೂರನೇದು. ಬೇರೆ ಯಾವ್ದಾದ್ರೂ ತಗೊಂಡ್ರೆ ನಾನು ನಡ್ಕೊಂಡೇ ಹೋಗ್ತೀನಿ." ಭೂತಗನ್ನಡಿ ಕೆಳಗಿಟ್ಟು: "ಪಿರಿಪಿ ಹಾಕ್ಲಿ. ನೀನು ಕೈ ಹಾಕ್ಬೇಡ."

ನಾನೇ ಹಾಕುತ್ತೇನೆ. ಅವನ ಷೆಡ್ಡಲ್ಲೇ, ಅವನ ಕಣ್ಣೆದುರೇ.

ಮೇ 19, ಶುಕ್ರವಾರ

ಪೆಟ್ಟಿಗೆ ಬಂತು. ರಜೆ ಕೇಳಿದ್ದಕ್ಕೆ ಮ್ಯಾನೇಜರ್ ಮುಖ ಸಿಂಡರಿಸಿದ. ಸೋಮವಾರದಿಂದ ರೇಡಿಯೇಷನ್, ಹತ್ತು ದಿನ ಅರ್ಧ ದಿನದ ಕೆಲಸ ಅಂದೆ. "ಬೇರೆ ಯಾರೂ ಇಲ್ವಾ ಮನೇಲಿ?" ಇಲ್ಲ ಸ್ವಾಮಿ, ಇಲ್ಲ.

ಹೊಸ ಸೆಟ್ ಹಾಕಿದ ಮೇಲೆ ಹೊಸದಾಗಿ ಪರೀಕ್ಷೆ ಮಾಡಿಸಿ ಪ್ರಮಾಣಪತ್ರದ ತಗಡು ಬಡಿಸಬೇಕು. ಹಳೆಯ ತಗಡಿನಲ್ಲಿ ಹಳೆಯ ಸೆಟ್ಟಿನ ಹೆಸರಿದೆ. ಸಿಕ್ಕ ಮೊದಲ ದಿನ ಜೂನ್ 14. ಅಷ್ಟರೊಳಗೆ ಪೊಲೀಸರು ಹಿಡಿದರೆ ಪಕ್ಕದ ಸೀಟಿನ ಅಪ್ಪನನ್ನು ತೋರಿಸುತ್ತೇನೆ.

ಮೇ 21, ಭಾನುವಾರ. ಸಂಜೆ

ಬೆರಳ ಗೆಣ್ಣಿನ ಚರ್ಮ ಮೂರು ಕಡೆ ಕಿತ್ತಿದೆ. ಪೆನ್ನು ಹಿಡಿಯಲು ಕಷ್ಟ.

ಎರಡು ದಿನ. ನಾಲ್ಕು ಮೂಲೆ. ಅಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಮೊಣಕಾಲ ಮೇಲೆ ಕಂಬಳಿ, ಪೂರ್ತಿ ಹೊತ್ತು ಬಾಯಿ.

"ಜ್ಯಾಕ್ ನಂಬ್ಬೇಡ, ಸ್ಟ್ಯಾಂಡ್ ಇಡು."

"ಇಟ್ಟಿದ್ದೀನಿ."

"ಬ್ರೇಕ್ ಪೈಪ್ ಜೋತಾಡ್ತಿದೆ, ಕಟ್ಟು."

"ಕಟ್ಟಿದ್ದೀನಿ. ಕಣ್ಣು ಬಿಟ್ಟು ನೋಡು."

"ಸ್ಪ್ರಿಂಗ್ ಬಿಗಿ ಮಾಡಿ ಎತ್ತರ ಮಾಡ್ಬೇಡ. ಕೆಳಗಿನ ರಿಂಗಲ್ಲಿ ಎತ್ತರ. ಮೇಲಿಂದು ಮುಟ್ಬೇಡ."

"ಗೊತ್ತು ಅಪ್ಪ."

"ಗೊತ್ತಿದ್ರೆ ಐದು ವರ್ಷ ಆ ದರಿದ್ರ ಹಾಕ್ಕೊಂಡು ಓಡಿಸ್ತಿದ್ಯಾ?"

ಸ್ಪ್ಯಾನರ್ ಎಸೆದೆ. ಅವನ ಕಡೆಗಲ್ಲ, ಗೋಡೆಗೆ. ಅವನು ಅದು ಬಿದ್ದ ಜಾಗ ನೋಡಿ, "ಹದಿನೇಳನೇ ನಂಬರು. ಎತ್ತಿಡು, ಕಳ್ದುಹೋಗತ್ತೆ," ಅಂದ.

ಹಿಂದಿನ ಎಡಗಡೆಯ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಎರಡು ಗಂಟೆ ಎಣ್ಣೆ, ಬೆಂಕಿ, ಸುತ್ತಿಗೆ. ಬಿಟ್ಟಾಗ ನಾನು ನೆಲದ ಮೇಲೆ ಅಂಗಾತ ಬಿದ್ದುಕೊಂಡೆ. ತಲೆ ಎತ್ತಿ ನೋಡಿದರೆ ಅಪ್ಪನಿಗೆ ನಿದ್ದೆ.

ಮೊದಲಿಗಿಂತ ಮೂವತ್ತೈದು ಮಿಲಿಮೀಟರ್ ಎತ್ತರ. ಆರು ಕ್ಲಿಕ್‌ಗೆ ಇಟ್ಟಿದ್ದೇನೆ.

ಮೇ 22, ಸೋಮವಾರ

ರೈಲುಹಳಿ ದಾಟಿದೆ. ಏನೂ ಇಲ್ಲ. ತೊಟ್ಟಿಲು ತೂಗಿದ ಹಾಗೆ ಒಂದು ಸಲ ಏರಿ ಇಳಿಯಿತು, ಅಷ್ಟೇ. ಓರೆಗಣ್ಣಲ್ಲಿ ನೋಡಿದೆ. ಏನಾದರೂ ಹೇಳುತ್ತಾನೆ ಅಂತ.

ಗುಡ್ಡ ಹತ್ತುವ ಮೊದಲೇ ನಿದ್ದೆ ಹೋದ. ಬಾಯಿ ತೆರೆದುಕೊಂಡು. ಎಲ್ಲ ತಿರುವು ದಾಟಿ, ಮೇಲಿನ ಗಾಳಿ ದಾಟಿ, ಅಪ್ಪರ್ ಹಟ್‌ನ ಸಿಗ್ನಲ್‌ನಲ್ಲಿ ಎಚ್ಚರ.

"ಎಲ್ಲಿದ್ದೀವಿ?"

"ಗುಡ್ಡ ಆಯ್ತು."

"ಸುಳ್ಳು."

ಅಷ್ಟೇ. ಚೆನ್ನಾಗಿದೆ ಅಂತಿಲ್ಲ. ನಾನು ಕೇಳಲೂ ಇಲ್ಲ.

ಮೇ 27, ಶನಿವಾರ

ಐದು ದಿನ ಆಯಿತು. ಇನ್ನೈದು.

ಬೆಳಿಗ್ಗೆ ಪಿರಿಪಿಯ ಹತ್ತಿರ ಚಕ್ರ ಹೊಂದಿಸಿಕೊಂಡು ಬರಲು ಹೋಗಿದ್ದೆ. ಕಾರಿನಡಿ ಟಾರ್ಚು ಹಿಡಿದು ತುಂಬ ಹೊತ್ತು ನೋಡಿದರು. ಹೊರಗೆ ಬಂದು ಕೈ ಒರೆಸಿಕೊಂಡು ಹೇಳಿದರು:

"ಒಂದು ನಟ್ಟೂ ತಪ್ಪಿಲ್ಲ. ಅವತ್ತು ಯಜಮಾನ್ರು ಆ ಫೋನ್ ಮಾಡ್ದೇ ಇದ್ದಿದ್ರೆ ಇವತ್ತು ಈ ಅಂಗಡಿ ನಿಂದಾಗಿರ್ತಿತ್ತು."

"ಯಾವ ಫೋನ್?"

ಮುಖ ನೋಡಿದರು. ನನಗೆ ಗೊತ್ತಿದೆ ಅಂದುಕೊಂಡಿದ್ದರು. ಮೂವತ್ತು ವರ್ಷದಿಂದ ಹಾಗೇ ಅಂದುಕೊಂಡಿದ್ದರು.

ಹದಿನೇಳನೇ ವಯಸ್ಸಿನಲ್ಲಿ ನಾನು ಮಾಸ್ಟರ್ಟನ್ನಿನ ಗ್ಯಾರೇಜೊಂದರಲ್ಲಿ ಕೆಲಸ ಕಲಿಯಲು ಸೇರಬೇಕಿತ್ತು. ಆಗ ಪಿರಿಪಿ ಅಲ್ಲಿದ್ದರು. ಶುಕ್ರವಾರ ಮಾಲೀಕರು ಬಾ ಅಂದಿದ್ದರು. ಸೋಮವಾರ ಬೆಳಿಗ್ಗೆ ಬೇಡ ಅಂದರು. ನನ್ನ ಗಣಿತದ ಅಂಕ ಕಡಿಮೆ ಅಂತ ಅಂದುಕೊಂಡೆ. ಹುಡುಗಿ ಅಂತ ಅಂದುಕೊಂಡೆ. ಸಂದರ್ಶನದಲ್ಲಿ ಏನೋ ತಪ್ಪು ಮಾತಾಡಿರಬೇಕು ಅಂತ ವರ್ಷಗಟ್ಟಲೆ ಆ ಹತ್ತು ನಿಮಿಷವನ್ನು ಮತ್ತೆ ಮತ್ತೆ ತಿರುವಿ ಹಾಕಿದೆ.

ಅಪ್ಪ ಆ ಮಾಲೀಕರಿಗೆ ಫೋನ್ ಮಾಡಿ ಅವಳನ್ನು ತೆಗೆದುಕೊಳ್ಳಬೇಡ ಅಂದಿದ್ದ. ಪಿರಿಪಿ ಆಗ ಅದೇ ಕೋಣೆಯಲ್ಲಿ ನಿಂತಿದ್ದರು.

ಮೇ 28, ಭಾನುವಾರ

ಬರೆಯಲು ಆಗುತ್ತಿಲ್ಲ.

ಮೇ 29, ಸೋಮವಾರ. ಸಂಜೆ 6

ಬರೆಯುತ್ತೇನೆ. ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ.

ಬೆಳಿಗ್ಗೆ ಅವನ ಮನೆ ಮುಂದೆ ಕಾರು ನಿಲ್ಲಿಸಿದೆ. ಬಾನೆಟ್ ಎತ್ತಿದೆ. ಮುಂದಿನ ಎರಡು ಗುಂಡಿ ತಿರುಗಿಸಿದೆ, ಕೊನೆಯವರೆಗೆ. ಡಿಕ್ಕಿ ತೆಗೆದು ಹಿಂದಿನ ಎರಡೂ. ಕ್ಲಿಕ್ ಕ್ಲಿಕ್ ಕ್ಲಿಕ್. ಇಪ್ಪತ್ತನಾಲ್ಕು. ಎಣಿಕೆ ತಪ್ಪಲಿಲ್ಲ. ತಪ್ಪಿತು ಅಂತ ಬರೆದರೆ ಚೆನ್ನಾಗಿರುತ್ತಿತ್ತು.

ಬಾಗಿಲು ಹಿಡಿದೆ. ಹತ್ತಿಸಿದೆ. ಬೆಲ್ಟ್ ಹಾಕಿದೆ. ಹೊರಟೆ.

ಊರ ಹೊರಗೆ ರಸ್ತೆಯ ಮೊದಲ ತೇಪೆಯಲ್ಲೇ ಅವನಿಗೆ ಗೊತ್ತಾಯಿತು. ಕಿಟಕಿಯ ಮೇಲಿನ ಹಿಡಿ ಹಿಡಿದ. ನನ್ನ ಕಡೆ ಒಂದು ಸಲ ನೋಡಿದ. ರೈಲುಹಳಿ. ಅವನ ಗಂಟಲಿಂದ ಒಂದು ಸದ್ದು ಬಂತು. ಗುಡ್ಡದಲ್ಲಿ ರಿಪೇರಿ ಮಾಡಿದ ಜಾಗಗಳಿವೆ, ಒಂದೊಂದೂ ನನಗೆ ಬಾಯಿಪಾಠ. ತಪ್ಪಿಸಬಹುದಾದ್ದನ್ನೂ ತಪ್ಪಿಸಲಿಲ್ಲ. ಈಗ ಕೇಳುತ್ತಾನೆ, ಈಗ ಬಯ್ಯುತ್ತಾನೆ, ಬೈದರೆ ನಾನು ಹೇಳುತ್ತೇನೆ ಅಂತ ಕಾಯುತ್ತಿದ್ದೆ. ಹಲ್ಲು ಕಚ್ಚಿ ಕೂತಿದ್ದ. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಹಿಡಿ ಬಿಡಬೇಕಿತ್ತು, ಬಿಡಲಿಲ್ಲ.

ತುದಿ ದಾಟಿ ಇಳಿಯುವಾಗ ವಾಂತಿ ಮಾಡಿಕೊಂಡ. ಕೋಟಿನ ಮೇಲೆ.

ಆಗ ನಿಲ್ಲಿಸಿದೆ. ಗಾಳಿಯಲ್ಲಿ ಬಾನೆಟ್ ಹಿಡಿದುಕೊಂಡು ನಾಲ್ಕೂ ಗುಂಡಿ ಹಿಂದಕ್ಕೆ ತಿರುಗಿಸಿದೆ. ಅವನ ಮುಖ ಒರೆಸಿದೆ. ನೀರು ಕುಡಿಸಿದೆ. ಅವನು ಅಂದದ್ದು ಒಂದೇ:

"ಪಿರಿಪಿ ಹೇಳಿದ್ನಾ?"

ಆಸ್ಪತ್ರೆಯಲ್ಲಿ ನರ್ಸ್, "ಇವತ್ತು ಏನಾಯ್ತು ಇವ್ರಿಗೆ? ಮಲಗೋಕೂ ಆಗ್ತಿಲ್ವಲ್ಲ," ಅಂದಳು. "ರಸ್ತೆ ಸರಿ ಇರ್ಲಿಲ್ಲ," ಅಂತ ಅಪ್ಪನೇ ಹೇಳಿದ.

ನಾನು ಕಾರಿಡಾರ್‌ನಲ್ಲಿ ಕೂತೆ. ಅವನ ಕೋಟನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತಲೇ ಇದ್ದೆ.

ಮೇ 30, ಮಂಗಳವಾರ

ಆರು ಕ್ಲಿಕ್. ಬೇಡ ಅಂತ ನಾಲ್ಕಕ್ಕೆ ಇಳಿಸಿದೆ.

ಗುಡ್ಡದ ಬುಡದಲ್ಲಿ ನಾನೇ ಶುರು ಮಾಡಿದೆ. "ನಿನ್ನೆ ನಾನು ಮಾಡಿದ್ದು ತಪ್ಪು."

"ಹೌದು."

"ಅವತ್ತು ನೀನು ಮಾಡಿದ್ದು?"

ಬೆಲ್ಟನ್ನು ಎದೆಯಿಂದ ಸ್ವಲ್ಪ ಎಳೆದು ಸಡಿಲ ಮಾಡಿಕೊಂಡ.

"ಕ್ರೇಗ್‌ಗೆ ಬೇರೇನೂ ಬರ್ತಿರ್ಲಿಲ್ಲ. ಗ್ಯಾರೇಜ್ ಬಿಟ್ರೆ ಅವ್ನಿಗೆ ಗತಿ ಇರ್ಲಿಲ್ಲ. ಒಂಬತ್ತು ಮೈಲಿ ಆಚೆ ನೀನು ಅದೇ ಕೆಲ್ಸ ಮಾಡ್ತಿದ್ರೆ ಊರೋರು ಎರಡೇ ತಿಂಗ್ಳಲ್ಲಿ ಹೋಲ್ಸಿ ನೋಡ್ತಿದ್ರು. ನೀನು ಅವ್ನಿಗಿಂತ ಚೆನ್ನಾಗಿ ಮಾಡ್ತಿದ್ದೆ. ನಂಗೆ ಗೊತ್ತಿತ್ತು."

"ನಿಂಗೆ ಗೊತ್ತಿತ್ತು."

"ಹೂಂ. ನೀನು ಎಲ್ಲಿ ಹಾಕಿದ್ರೂ ಬದುಕ್ತೀಯ ಅಂದ್ಕೊಂಡೆ."

"ನನ್ನನ್ನ ಕೇಳಿದ್ಯಾ?"

"ಇಲ್ಲ."

"ಅವ್ನು ಆ ಗ್ಯಾರೇಜನ್ನ ಕೈಗೆ ಬಂದ ಆರೇ ವರ್ಷದಲ್ಲಿ ಮಾರ್ಕೊಂಡು ಹೋದ."

"ಅದೂ ಗೊತ್ತು. ನಂಗೆ ನೆನಪು ಮಾಡ್ಬೇಡ."

"ತಪ್ಪಾಯ್ತು ಅನ್ನು ಅಪ್ಪ."

"ಅಂದ್ರೆ ಏನ್ ಬರತ್ತೆ? ಮೂವತ್ತು ವರ್ಷ ವಾಪಸ್ ಬರತ್ತಾ?"

"ಬರಲ್ಲ. ಆದ್ರೂ ಅನ್ನು."

ಅನ್ನಲಿಲ್ಲ. ಸಾಯುವ ಮನುಷ್ಯನ ಮೇಲೆ ಇಷ್ಟು ಸಿಟ್ಟು ಇಟ್ಟುಕೊಳ್ಳಬಾರದಂತೆ. ಯಾರು ಹೇಳಿದ್ದು? ಯಾರೋ ಹೇಳಿರಬೇಕು. ಅವರಿಗೆ ಟೈಲ್ಸ್ ಮಾರಿ ಗೊತ್ತಿಲ್ಲ.

ಜೂನ್ 2, ಶುಕ್ರವಾರ

ಹತ್ತನೆಯದೂ ಮುಗಿಯಿತು. ಗಂಟೆ ಬಾರಿಸಿ ಹೋಗಿ ಅಂದರು. ಕೊನೆಯ ದಿನ ಎಲ್ಲರೂ ಬಾರಿಸುತ್ತಾರಂತೆ. ಅಪ್ಪ, "ನಾನೇನು ಐಸ್‌ಕ್ರೀಮ್ ಗಾಡಿಯವನಾ?" ಅಂದ.

ನಗು ಬಂತು. ನಕ್ಕಿದ್ದಕ್ಕೆ ನನ್ನ ಮೇಲೇ ಕೋಪ ಬಂತು.

ಜೂನ್ 14, ಬುಧವಾರ

ಪ್ರಮಾಣಪತ್ರದ ಪರೀಕ್ಷೆ, ಲೋಯರ್ ಹಟ್‌ನಲ್ಲಿ. ಅಪ್ಪ ತಾನೂ ಬರುತ್ತೇನೆ ಅಂದ. ನೋವು ಇಳಿದಿದೆ, ಹತ್ತು ದಿನದಿಂದ ಕೋಲು ಹಿಡಿದು ಓಡಾಡುತ್ತಿದ್ದಾನೆ. ಎಷ್ಟು ದಿನ ಹೀಗೋ ಡಾಕ್ಟರ್ ಹೇಳಿಲ್ಲ.

ಪರೀಕ್ಷಕ ಓವೆನ್ ಅಂತ, ತೆಳ್ಳಗಿನ ಮನುಷ್ಯ, ಕನ್ನಡಕ ಹಣೆಯ ಮೇಲೆ. ಕಾರನ್ನು ಎತ್ತಿ ಚಕ್ರ ಜೋತುಬೀಳಿಸಿದ, ಸ್ಪ್ರಿಂಗ್ ಸಡಿಲ ಆಗುತ್ತದಾ ಅಂತ ಕೈಯಲ್ಲಿ ಅಲುಗಿಸಿದ. ಆಗಲಿಲ್ಲ. ನೆಲದಿಂದ ಎತ್ತರ ಅಳೆದ. ಒಂದೊಂದು ನಟ್ಟಿಗೂ ಸ್ಪ್ಯಾನರ್ ಹಾಕಿದ. ಫಾರಂ ತೆಗೆದ.

"ಜೋಡಿಸಿದ್ದು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹಿಂದಿನಿಂದ, "ಮರ್ವಿನ್ ಹ್ಯಾಲೆಟ್. ಕಾರ್ಟರ್ಟನ್. ನನ್ನ ಷೆಡ್ಡಲ್ಲೇ ಆಗಿದ್ದು."

ಐವತ್ತು ವರ್ಷದ ಅಭ್ಯಾಸ. ನಾಲಿಗೆ ತಾನಾಗಿ ಹೇಳಿತು ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಓವೆನ್ ಬರೆದೂಬಿಟ್ಟ.

"ಅದನ್ನ ಹೊಡೆದುಹಾಕಿ," ಅಂದೆ.

"ಅಂದ್ರೆ?"

"ಜೋಡಿಸಿದ್ದು ನಾನು. ಜನೀನ್ ಹ್ಯಾಲೆಟ್. ಇವ್ರು ಕುರ್ಚಿ ಮೇಲೆ ಕೂತಿದ್ರು."

ಓವೆನ್ ಅಪ್ಪನ ಕಡೆ ನೋಡಿದ. ಯಾವಾಗಲೂ ಅಪ್ಪನ ಕಡೆ ನೋಡುತ್ತಾರೆ. ನನ್ನ ಕಿವಿ ಬಿಸಿಯಾಯಿತು. ಇನ್ನೊಂದು ಕ್ಷಣ ಆಗಿದ್ದರೆ ಫಾರಂ ಕಿತ್ತುಕೊಳ್ಳುತ್ತಿದ್ದೆ.

"ಅವಳು ಹೇಳಿದ್ದು ಸರಿ," ಅಂದ ಅಪ್ಪ. "ನಾನು ಒಂದು ನಟ್ಟೂ ಮುಟ್ಟಿಲ್ಲ. ಅರ್ಧ ಹೊತ್ತು ನಿದ್ದೆ ಮಾಡ್ತಿದ್ದೆ."

ಹೊಡೆದುಹಾಕಿ ನನ್ನ ಹೆಸರು ಬರೆದ. ಸ್ಪೆಲ್ಲಿಂಗ್ ತಪ್ಪು. ತಿದ್ದಿಸಿದೆ.

ಜೂನ್ 15, ಗುರುವಾರ. ಬೆಳಿಗ್ಗೆ 7.50

ರಾತ್ರಿಯೇ ಬರೆಯಬೇಕಿತ್ತು, ಕೈ ಓಡಲಿಲ್ಲ. ಬೇಗ ಬರೆಯುತ್ತೇನೆ. ಅಪ್ಪ ಆಗಲೇ ಕಾರಿನಲ್ಲಿ ಕೂತಿದ್ದಾನೆ. ಒಂಬತ್ತೂವರೆಗೆ ಡಾಕ್ಟರ್.

ನಿನ್ನೆ ವಾಪಸ್ ಬರುವಾಗ ಗುಡ್ಡದ ತುದಿಯಲ್ಲಿ ನಿಲ್ಲಿಸು ಅಂದ. ಇಳಿಯಲಿಲ್ಲ. ಗಾಳಿಗೆ ಕಾರು ಸಣ್ಣಗೆ ತೂಗುತ್ತಿತ್ತು. ಮುಂದೆ ನೋಡುತ್ತಲೇ ಹೇಳಿದ:

"ಆ ಸೋಮವಾರ ನೀನು ಹೊಸ ಬೂಟ್ ಹಾಕ್ಕೊಂಡು ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ಬೇಡ ಅಂತ ಫೋನ್ ಬಂದ್ಮೇಲೂ. ಒಂಬತ್ತು ಗಂಟೆವರೆಗೂ ಬಿಚ್ಲಿಲ್ಲ. ನಾನು ಅಡುಗೆಮನೆ ಕಿಟಕೀಲಿ ನಿಂತು ನೋಡ್ತಿದ್ದೆ."

ಬೂಟು ನನಗೆ ಮರೆತೇಹೋಗಿತ್ತು. ಅವನು ಮರೆತಿರಲಿಲ್ಲ.

"ನೋಡ್ತಾ ನಿಂತಿದ್ಯಲ್ಲ," ಅಂದೆ. "ಬಾಗಿಲು ತೆಗೆದು ಹೊರಗೆ ಬರ್ಬೋದಿತ್ತು."

"ಬರ್ಬೇಕಿತ್ತು."

"ನಂಗೆ ಇನ್ನೂ ಸಿಟ್ಟಿದೆ ಅಪ್ಪ. ಹೋಗಲ್ಲ ಅದು."

"ಹೋಗ್ದಿದ್ರೆ ಇರ್ಲಿ. ಇಟ್ಕೊ. ನಾನು ಕೇಳೋ ಹಾಗಿಲ್ಲ."

ಕಾರು ಶುರು ಮಾಡಿದೆ. ಇಳಿಜಾರಿನಲ್ಲಿ ಅವನೇ ಕೇಳಿದ, ನೀನೊಬ್ಳೇ ಇದ್ದಾಗ ಎಷ್ಟಕ್ಕೆ ಇಡ್ತೀಯ ಅಂತ. ಹದಿನಾರು ಅಂದೆ. ನಾಳೆ ಹದಿನಾರಕ್ಕೇ ಇಡು, ಒಂದು ಸಲ ನೋಡ್ತೀನಿ ಅಂದ. ಆಗಲ್ಲ, ನಿನ್ನ ಬೆನ್ನು ಅಂದೆ. ನನ್ನ ಬೆನ್ನು ನನ್ನದು ಅಂದ.

ಈಗ ತಾನೇ ಹೋಗಿ ಬಾನೆಟ್ ಎತ್ತಿ ನಿಂತಿದ್ದೆ. ಹದಿನಾರಕ್ಕೆ ಇಡಲಾರೆ. ನಾಲ್ಕಕ್ಕೂ ಇಡಲು ಮನಸ್ಸಿಲ್ಲ. ಗಾಜು ಇಳಿಸಿ ಅವನು ಕೂಗಿದ, "ಎಷ್ಟಾಯ್ತು?" ಎಂಟು ಅಂದೆ. "ನಿನ್ನ ಕೆಲ್ಸ, ನೀನೇ ನೋಡ್ಕೊ," ಅಂದ. ಈ ಮನುಷ್ಯನ ಬಾಯಲ್ಲಿ ಆ ಮಾತು ನಾನು ಹುಟ್ಟಿದಾಗಿಂದ

ಹಾರ್ನ್ ಹೊಡೆಯುತ್ತಿದ್ದಾನೆ. ಬಂದೆ ಮಾರಾಯ, ಬಂ